ಜಿಂಕೆ ಬೇಟೆ: ಟೆಕ್ಸಸ್‌ನಲ್ಲೋ, ಪೆನ್ಸಿಲ್ವೇನಿಯಾದಲ್ಲೋ?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಅಮೆರಿಕದಲ್ಲಿ ಲೈಸೆನ್ಸ್ ಇದ್ದರೆ ಸಕ್ರಮ, ಆದರೆ ರಾಜ್ಯಕ್ಕೊಂದು ನಿಯಮ. ಎಚ್-1ಬಿಯಂಥ ವೀಸಾದಲ್ಲಿರುವವರು ಮೊದಲು ಇದನ್ನು ತಿಳಿಯಬೇಕು: ಫೆಡರಲ್ ಕಾನೂನಿನಲ್ಲಿ ಅವರಿಗೆ ಬಂದೂಕು ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ.

ಟೆಕ್ಸಸ್‌ನಲ್ಲಿ ಬಹುಪಾಲು ನೆಲ ಖಾಸಗಿ. ಜಮೀನಿನ ಮಾಲೀಕರಿಗೆ ದುಡ್ಡು ಕೊಟ್ಟೇ ಒಳಗೆ ಹೋಗಬೇಕು, ಖರ್ಚು ಜಾಸ್ತಿ. ಅಲ್ಲಿ ಮೆಕ್ಕೆಜೋಳ ಚೆಲ್ಲಿ ಜಿಂಕೆ ಕರೆಯಬಹುದು. 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ ಬೇಟೆ ತರಬೇತಿ ಕಡ್ಡಾಯ. ಹಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಹೊಡೆಯುವ ಗಂಡು ಜಿಂಕೆಯ ಎರಡು ಕೊಂಬುಗಳ ನಡುವಿನ ಒಳ ಅಂತರ ಕನಿಷ್ಠ 13 ಇಂಚು ಇರಬೇಕು, ಇಲ್ಲವೇ ಒಂದು ಕೊಂಬಾದರೂ ಕವಲಿಲ್ಲದ್ದಾಗಿರಬೇಕು. ನಿಮಿರಿದ ಕಿವಿಗಳ ತುದಿಯಿಂದಾಚೆ ಕೊಂಬು ಚಾಚಿದೆಯೇ ಎಂದು ನೋಡಿ ಅಂದಾಜು ಮಾಡುತ್ತಾರೆ.

ಪೆನ್ಸಿಲ್ವೇನಿಯಾದಲ್ಲಿ ಸರ್ಕಾರಿ ಬೇಟೆ ಭೂಮಿಯೇ ಸುಮಾರು 15 ಲಕ್ಷ ಎಕರೆ. ಹೊಸಬರಿಗೆ ನಾನು ಈ ರಾಜ್ಯವನ್ನೇ ಹೇಳುತ್ತೇನೆ. ಆದರೆ ಶಿಸ್ತು ಬಿಗಿ. ಆಹಾರ ಹಾಕಿ ಕರೆಯುವಂತಿಲ್ಲ, ಆಗ್ನೇಯ ಭಾಗದಲ್ಲಷ್ಟೇ ಸ್ವಲ್ಪ ಸಡಿಲ. ರೈಫಲ್ ಸೀಸನ್‌ನಲ್ಲಿ ತಲೆ, ಎದೆ, ಬೆನ್ನಿನ ಮೇಲೆ ಒಟ್ಟು 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಇರಲೇಬೇಕು. ಹೆಣ್ಣು ಜಿಂಕೆಗೆ ಬೇರೆ ಲೈಸೆನ್ಸ್. ಅದನ್ನು ಬೇಗ ಮಾಡಿಸಿಕೊಳ್ಳಿ, ಕೆಲವು ಕಡೆ ಸೀಸನ್‌ಗೆ ಮೊದಲೇ ಮುಗಿದುಹೋಗುತ್ತದೆ.