‘ಉಲ್ಕಾಪಾತ ಕ್ಯಾಂಪಿಂಗ್’ ಅಂತ ದುಡ್ಡು ಕಟ್ಟೋ ಮುಂಚೆ ಇದನ್ನೊಂದು ಓದಿ

ಟೆಂಟು, ಟೆಲಿಸ್ಕೋಪು, ಕ್ಯಾಂಪ್‌ಫೈರು ಎಲ್ಲ ಸೇರಿಸಿ ಯಾರಾದರೂ ಉಲ್ಕಾಪಾತದ ಪ್ಯಾಕೇಜ್ ಮಾರ್ತಿದ್ರೆ, ದುಡ್ಡು ಕಳಿಸೋ ಮುಂಚೆ ಆ ದಿನ ತಿಥಿ ಏನು ಅಂತ ನೋಡಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಇಷ್ಟೇ ಸಾಕು. ಪುರುಸೊತ್ತಿದ್ದವರು ನನ್ನ ಹೊಟ್ಟೆಯುರಿ ಕೇಳಿ.

2024ರ ಡಿಸೆಂಬರ್ 13, ಶುಕ್ರವಾರ ರಾತ್ರಿ. ಜೆಮಿನಿಡ್ ಉಲ್ಕಾಪಾತ, ಚಿಕ್ಕಮಗಳೂರು. ತಲೆಗೆ 4,500 ರೂಪಾಯಿ, ಮಕ್ಕಳಿಗೂ ಅಷ್ಟೇ. ಪೋಸ್ಟರ್ ತುಂಬಾ ಬೆಂಕಿಯ ಗೀರುಗಳು, ಕೆಳಗೆ ದೊಡ್ಡಕ್ಷರದಲ್ಲಿ ‘ಗಂಟೆಗೆ 120 ಉಲ್ಕೆಗಳು! ಮುಳ್ಳಯ್ಯನಗಿರಿಯ ಮಡಿಲಲ್ಲಿ!’ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಆ ಪೋಸ್ಟರ್ ಹಾಕಿದ್ದು ನಾನೇ. ಇನ್ನೆರಡು ಮನೆಯವರು ನನ್ನ ಮಾತು ನಂಬಿ ಹೊರಟರು. ಈಗ ಲಿಫ್ಟಿನಲ್ಲಿ ಅವರು ಸಿಕ್ಕಿದ್ರೆ ನಾನು ಮೊಬೈಲ್ ನೋಡ್ಕೊಂಡು ನಿಲ್ತೀನಿ.

ಜೆಮಿನಿಡ್ ಸುಳ್ಳಲ್ಲ. ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ಅದರ ಜೋರು. ಫೇಥಾನ್ ಅನ್ನೋ ಕ್ಷುದ್ರಗ್ರಹ ತನ್ನ ದಾರಿಯಲ್ಲಿ ಬಿಟ್ಟುಹೋದ ಧೂಳಿನ ಮೂಲಕ ಭೂಮಿ ಹಾದುಹೋಗುವಾಗ ಆ ಕಣಗಳು ನಮ್ಮ ವಾತಾವರಣದಲ್ಲಿ ಉರಿಯುತ್ತವೆ. ಮಿಥುನ ರಾಶಿಯ ಕಡೆಯಿಂದ, ನಮ್ಮ ಪುನರ್ವಸು ನಕ್ಷತ್ರದ ಹತ್ತಿರದಿಂದ ಚಿಮ್ಮಿದ ಹಾಗೆ ಕಾಣುತ್ತೆ. ಮಳೆಗಾಲ ಮುಗಿದಿರುತ್ತೆ, ನಮ್ಮ ಕಡೆ ನೋಡೋಕೆ ಇದಕ್ಕಿಂತ ಒಳ್ಳೆ ಉಲ್ಕಾಪಾತ ಇಲ್ಲ. ಆದರೆ ಆ 120 ಅನ್ನೋ ಸಂಖ್ಯೆ ಇದೆಯಲ್ಲ, ಅದು ಒಂದು ಚೂರೂ ಬೆಳಕಿಲ್ಲದ ಕಡುಕತ್ತಲೆಯ ಆಕಾಶಕ್ಕೆ, ಚಿಮ್ಮುವ ಬಿಂದು ನೆತ್ತಿಯ ಮೇಲೇ ಇದ್ದರೆ ಅಂತ ಹಾಕಿದ ಲೆಕ್ಕ. ಇದು ನಂಗೆ ಗೊತ್ತಾಗಿದ್ದು ವಾಪಸ್ ಬಂದ ಮೇಲೆ. ಮಾರೋರಿಗೆ ಮೊದಲೇ ಗೊತ್ತಿರಬೇಕಲ್ವಾ?

ಬಸ್ಸು ನೆಲಮಂಗಲ ದಾಟಿರಲಿಲ್ಲ, ನಮ್ಮತ್ತೆ ಕೇಳಿದ್ರು: “ನಾಡಿದ್ದು ಹೊಸ್ತಿಲ ಹುಣ್ಣಿಮೆ ಅಲ್ವೇನಮ್ಮ? ಬೆಳದಿಂಗಳಲ್ಲಿ ಚುಕ್ಕಿ ಬೀಳೋದು ಏನು ಕಾಣುತ್ತೆ?” ಮುಂದಿನ ಸೀಟಿನಲ್ಲಿದ್ದ ಗೈಡ್ ಹುಡುಗ ತಿರುಗಿ ನಕ್ಕು, “ಅಜ್ಜಿ, ಗಿರಿ ಮೇಲೆ ಹೋದ್ರೆ ಚಂದ್ರನ ಲೈಟ್ ಡಿಸ್ಟರ್ಬ್ ಮಾಡಲ್ಲ” ಅಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಗಿರಿ ಮೇಲೆ ಹೋದ್ರೆ ಚಂದ್ರ ಡಿಸ್ಟರ್ಬ್ ಮಾಡಲ್ವಂತೆ!

ಇನ್ನು ಗಿರಿ. ಕೈಮರ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸನ್ನ ವಾಪಸ್ ಕಳಿಸಿದ್ರು. ಮಾರನೇ ದಿನ ದತ್ತ ಜಯಂತಿ, ದತ್ತಪೀಠಕ್ಕೆ ಮಾಲಾಧಾರಿಗಳು ಬರೋ ಹೊತ್ತು. ಆಗ ಗಿರಿ ಶ್ರೇಣಿಗೆ ಪ್ರವಾಸಿಗರನ್ನ ಬಿಡಲ್ಲ ಅನ್ನೋದು ಚಿಕ್ಕಮಗಳೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಅದು ಬಿಡಿ, ಬೇರೆ ದಿನಗಳಲ್ಲೂ ಸಂಜೆಯಾದ ಮೇಲೆ ಮೇಲಕ್ಕೆ ಬಿಡೋದಿಲ್ಲ. ಗೈಡ್ ತಲೆ ಮೇಲೆ ಕೈ ಹೊತ್ತು, “ಅಯ್ಯೋ, ಲಾಸ್ಟ್ ಮಿನಿಟಲ್ಲಿ ಹಿಂಗಾಯ್ತಲ್ಲ ಮೇಡಂ, ಏನಾದ್ರೂ ಅರೇಂಜ್ ಮಾಡ್ತೀನಿ ಇರಿ” ಅಂದ. ಪಾಪ ಅನ್ನಿಸ್ತು. ನಿಜವಾಗ್ಲೂ ಪಾಪ ಅನ್ನಿಸ್ತು ಕಣ್ರೀ!

ಅರ್ಧ ಗಂಟೆಯಲ್ಲಿ ಒಂದು ಕಾಫಿ ತೋಟದ ಹೋಂಸ್ಟೇ ಮುಂದೆ ಬಸ್ಸು ನಿಲ್ತು. ಒಳಗೆ ಹೋದ್ರೆ ಅಕ್ಕಿರೊಟ್ಟಿ, ಕೋಳಿ ಸಾರು ರೆಡಿ. ಇಡೀ ಬಸ್ಸಿನವರಿಗೆ ಸಾಲುವಷ್ಟು. ಟೆಂಟ್‌ಗಳು ಆಗಲೇ ಹಾಕಿದ್ವು, ಒಂದೊಂದರ ಮೇಲೂ ಹೆಸರಿನ ಚೀಟಿ. ಮೊದಲನೇ ಟೆಂಟ್ ಮೇಲೇ ನಮ್ಮೆಜಮಾನರ ಹೆಸರು, ಇನಿಶಿಯಲ್ ಸಮೇತ. ಅಡುಗೆಯಮ್ಮನ ಹತ್ತಿರ ಸುಮ್ಮನೆ ಕೇಳಿದೆ, ಯಾವಾಗ ಹೇಳಿದ್ರು ನಿಮಗೆ ಅಂತ. “ಹೋದ ವಾರನೇ ಹೇಳಿದ್ರಲ್ಲಕ್ಕ” ಅಂದ್ರು. ಅಂದರೆ ಗಿರಿಗೆ ಹೋಗೋ ಯೋಚನೆ ಅವರಿಗೆ ಮೊದಲಿಂದಲೂ ಇರಲಿಲ್ಲ. ಚೆಕ್‌ಪೋಸ್ಟಿನ ತನಕ ಹೋಗಿದ್ದು, ತಲೆ ಮೇಲೆ ಕೈ ಹೊತ್ತಿದ್ದು, ಎಲ್ಲ ನಾಟಕ. ತಟ್ಟೆ ಹಿಡ್ಕೊಂಡು ನಿಂತಿದ್ದೆ, ಮೈಯೆಲ್ಲ ಉರಿದುಹೋಯ್ತು.

ಆಕಾಶಕ್ಕಾದರೂ ಬರೋಣ ಅಂದ್ರೆ, ತೋಟದಲ್ಲಿ ಆಕಾಶ ಎಲ್ಲಿದೆ? ತಲೆ ಮೇಲೆ ಪೂರ್ತಿ ಸಿಲ್ವರ್ ಓಕ್. ಬಯಲು ಅಂತ ಇದ್ದಿದ್ದು ಕಾಫಿ ಒಣಗಿಸೋ ಕಣ ಒಂದೇ. ಅಲ್ಲಿ ದೊಡ್ಡ ಹ್ಯಾಲೊಜೆನ್ ಲೈಟು. ಆರಿಸಿ ಅಂದ್ರೆ ತೋಟದ ಕೆಲಸ-ಲೆಕ್ಕ ನೋಡ್ಕೊಳ್ಳೋ ರೈಟರ್ ಒಪ್ಪಲಿಲ್ಲ: “ಕಾಫಿ ರೇಟ್ ಹೆಂಗಿದೆ ಗೊತ್ತಲ್ಲ ಅಕ್ಕ, ಲೈಟ್ ಆರಿಸಿದ್ರೆ ಬೆಳಿಗ್ಗೆಗೆ ಕಣ ಖಾಲಿ.” ಅವರದ್ದು ತಪ್ಪಿಲ್ಲ, ಅವರ ಬೆಳೆ ಅವರಿಗೆ. ಹನ್ನೊಂದು ಗಂಟೆಗೆ ಚಂದ್ರ ನೆತ್ತಿ ಮೇಲೆ, ಕೃತ್ತಿಕೆಯ ಹತ್ತಿರ. ಉಲ್ಕೆ ಬರಬೇಕಾದ ಮಿಥುನದ ಪಕ್ಕದ ರಾಶಿಯಲ್ಲೇ ದೀಪ ಹಚ್ಚಿಟ್ಟ ಹಾಗೆ. ನಡುನಡುವೆ ಮೋಡ ಬಂದು ಹೋಗ್ತಿತ್ತು. ಗೈಡ್ ಟೆಲಿಸ್ಕೋಪ್ ಜೋಡಿಸಿ ಗುರು ಗ್ರಹ ತೋರಿಸಿದ, ಅದೊಂದು ಚೆನ್ನಾಗಿತ್ತು. ಆದರೆ ಉಲ್ಕೆ ನೋಡೋಕೆ ಟೆಲಿಸ್ಕೋಪ್ ಬೇಕೇ ಇಲ್ಲ, ಅಂಗಾತ ಮಲಗಿ ಬರಿಗಣ್ಣಲ್ಲಿ ಆಕಾಶ ಪೂರ್ತಿ ನೋಡಬೇಕು. ಮಗಳು ಎರಡು ಗೀರು ನೋಡಿದೆ ಅಂದಳು. ನಂಗೆ ಒಂದೂ ಇಲ್ಲ. ಪಕ್ಕದಲ್ಲಿ ಡಿಜೆ ಬೇರೆ.

ಬೆಂಗಳೂರಿಗೆ ಬಂದ ಮೇಲೆ ವಾಟ್ಸಾಪ್‌ನಲ್ಲಿ ದುಡ್ಡು ವಾಪಸ್ ಕೇಳಿದೆ. ಮೊದಲನೇ ಉತ್ತರ: “ಮೇಡಂ, ನೇಚರ್ ನಮ್ಮ ಕೈಯಲ್ಲಿಲ್ಲ. ಮೋಡ ಬಂದ್ರೆ ನಾವೇನು ಮಾಡಕ್ಕಾಗುತ್ತೆ?” ಮೋಡದ ಬಗ್ಗೆ ಕೇಳ್ತಿಲ್ಲ ಕಣಪ್ಪ, ಚಂದ್ರನ ಬಗ್ಗೆ ಕೇಳ್ತಿದ್ದೀನಿ ಅಂದೆ. “ಚಂದ್ರನೂ ನೇಚರ್ ಅಲ್ವಾ ಮೇಡಂ?” ಗಿರಿಗೆ ಕರ್ಕೊಂಡು ಹೋಗಲಿಲ್ಲವಲ್ಲ ಅಂದಿದ್ದಕ್ಕೆ, “ಪೋಸ್ಟರ್‌ನಲ್ಲಿ ಮಡಿಲಲ್ಲಿ ಅಂತ ಇದೆ, ಮೇಲೆ ಅಂತ ಇಲ್ಲ.” ಕೊನೆಗೆ ಬಂದಿದ್ದು ಎಲ್ಲಕ್ಕಿಂತ ಮೇಲು: “ಬೆಳದಿಂಗಳ ಕ್ಯಾಂಪಿಂಗ್‌ಗೆ ನಾವು ಬೇರೆ ಚಾರ್ಜ್ ಮಾಡ್ತೀವಿ ಮೇಡಂ, ನಿಮಗೆ ಫ್ರೀಯಾಗಿ ಸಿಕ್ತು.” ಜೊತೆಗೆ ಒಂದು ನಗುವ ಎಮೋಜಿ, ಮುಂದಿನ ಟ್ರಿಪ್‌ಗೆ 500 ರೂಪಾಯಿ ಕೂಪನ್. ಆಮೇಲೆ ಬ್ಲಾಕ್.

ಮೋಡ ಯಾರಿಗೂ ಮುಂಚೆ ಗೊತ್ತಾಗಲ್ಲ, ಒಪ್ಪಿದೆ. ಮೋಡದಿಂದ ಹಾಳಾಗಿದ್ರೆ ಒಂದು ಮಾತೂ ಆಡ್ತಿರಲಿಲ್ಲ. ಹುಣ್ಣಿಮೆ ಹಾಗಲ್ಲ. ಅದು ವರ್ಷದ ಮೊದಲೇ ಅಚ್ಚಾಗಿ ಗೋಡೆ ಮೇಲೆ ನೇತಾಡ್ತಿರುತ್ತೆ. ದತ್ತ ಜಯಂತಿ ಬರೋದೇ ಹುಣ್ಣಿಮೆ ಹೊತ್ತಿಗೆ. ಗಿರಿ ಬಂದ್, ಬೆಳದಿಂಗಳು, ಎರಡೂ ಒಂದೇ ಪುಟದಲ್ಲಿ ಬರೆದಿತ್ತು. ಗೊತ್ತಿದ್ದೇ ಮಾರಿದ್ರು.

ಹೋಗಲೇಬೇಕು ಅಂದ್ರೆ ಅಮಾವಾಸ್ಯೆಯ ಆಸುಪಾಸು ಉಲ್ಕಾಪಾತ ಬೀಳೋ ವರ್ಷ ನೋಡಿ. ಜಾಗದ ಹೆಸರು ಬರಹದಲ್ಲಿ ತಗೊಳ್ಳಿ, ‘ಮಡಿಲು’ ‘ತಪ್ಪಲು’ ಅಂದ್ರೆ ಒಪ್ಪಬೇಡಿ. ಆ ಹೋಂಸ್ಟೇಗೆ ನೀವೇ ಫೋನ್ ಮಾಡಿ, ಬಯಲು ಇದೆಯಾ, ರಾತ್ರಿ ಲೈಟ್ ಆರಿಸ್ತೀರಾ ಅಂತ ಕೇಳಿ. ಅಡ್ವಾನ್ಸ್ ಪೂರ್ತಿ ಕೊಡಲೇಬೇಡಿ.

ಇದನ್ನೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, ಅದೇ ಜನ ಆಮೇಲೆ ನಮ್ಮೆಜಮಾನರ ನಂಬರಿಗೆ ಇನ್ನೊಂದು ಪೋಸ್ಟರ್ ಕಳಿಸಿದ್ರು. 2025ರ ಆಗಸ್ಟ್ 12, ಪರ್ಸೀಡ್ ಉಲ್ಕಾಪಾತ, ಮಲೆನಾಡಿನಲ್ಲಿ ಟೆಂಟ್, ಈಗಲೇ ಕಟ್ಟಿದ್ರೆ ರಿಯಾಯಿತಿ. ಆ ವರ್ಷ ಆಗಸ್ಟ್ 9ಕ್ಕೇ ನೂಲ ಹುಣ್ಣಿಮೆ ಇತ್ತು. ಅದೂ ಮಲೆನಾಡಿನ ಶ್ರಾವಣದ ಮಳೆಯಲ್ಲಿ. ಇಂಥ ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದ್ರೆ ಮುಂದಕ್ಕೆ ಕಳಿಸಬೇಡಿ.