‘ಪ್ಯಾಕೇಜ್’ ವಿಚ್ಛೇದನ: ಡಿಕ್ರಿ ಸಿಕ್ಕಿತು, ಮಗನ ವಿಷಯ ನಾವೇ ನೋಡಿಕೊಳ್ಳಬೇಕಾಯಿತು

ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ಅರ್ಜಿಯಿಂದ ಡಿಕ್ರಿಯವರೆಗೆ ಒಂದೇ ಶುಲ್ಕದಲ್ಲಿ ಮುಗಿಸಿಕೊಡುವುದಾಗಿ ಜಾಹೀರಾತು ನೀಡುವ ಬೆಂಗಳೂರಿನ ಕಾನೂನು ಸೇವಾ ಸಂಸ್ಥೆಯೊಂದಕ್ಕೆ ನಾನು 45,000 ರೂಪಾಯಿ ಕಟ್ಟಿದ್ದೆ. ಇಂಥ ಪ್ಯಾಕೇಜ್ ಮಾರುವವರು ಹಲವರಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ಹಣ ಕೊಡುವ ಮುನ್ನ ಏನನ್ನು ನೋಡಬೇಕೆಂಬುದಷ್ಟೇ ನನ್ನ ಉದ್ದೇಶ.

ಕಾಗದಪತ್ರದ ಕೆಲಸದಲ್ಲಿ ಅವರು ಚುರುಕಾಗಿದ್ದರು. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ ದಂಪತಿ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಾವು ಬೇರೆಯಾಗಿ ಎರಡೂವರೆ ವರ್ಷ ಕಳೆದಿದ್ದರಿಂದ ಮನ್ನಾ ಕೋರಿ ಅರ್ಜಿ ಹಾಕೋಣವೆಂದು ಅವರೇ ಸೂಚಿಸಿದರು. ಆದರೆ ಮನ್ನಾ ಸಿಗಬೇಕಾದರೆ ಜೀವನಾಂಶ, ಮಕ್ಕಳ ಸುಪರ್ದಿ ಮೊದಲಾದ ವಿಷಯಗಳು ನಿಜವಾಗಿಯೂ ಇತ್ಯರ್ಥವಾಗಿರಬೇಕೆಂದು ಅದೇ ತೀರ್ಪು ಹೇಳುತ್ತದೆ. ಸಂಸ್ಥೆ ಎಡವಿದ್ದು ಅಲ್ಲಿಯೇ.

ಕೈಗೆ ಬಂದ ಕರಡಿನ ಹನ್ನೊಂದನೆಯ ಪ್ಯಾರಾದಲ್ಲಿ ‘ಅಪ್ರಾಪ್ತ ಮಗಳ ಸುಪರ್ದಿಯು ತಾಯಿಗೆ ಸೇರತಕ್ಕದ್ದು, ತಂದೆಯು ಉಭಯತರ ಅನುಕೂಲದಂತೆ ಭೇಟಿ ಮಾಡಬಹುದು’ ಎಂದಿತ್ತು. ನಮಗಿರುವುದು ಮಗ, ಏಳು ವರ್ಷದವನು. ಯಾರದೋ ಅರ್ಜಿಯ ಪ್ಯಾರಾ ನಮ್ಮದರೊಳಗೆ ಉಳಿದುಹೋಗಿತ್ತು. ಕೇಳಿದಾಗ ಅಲ್ಲಿನ ಯುವ ವಕೀಲರು, “ಮೇಡಂ, ಇದು ಎಲ್ಲರಿಗೂ ಹಾಕುವ ಫಾರ್ಮ್ಯಾಟು, ಮಗಳು ಅನ್ನೋದನ್ನ ಮಗ ಅಂತ ಮಾಡಿದರಾಯಿತು” ಎಂದರು. ಗಂಡ ಹೆಂಡತಿಯ ಅನುಕೂಲಗಳು ಹೊಂದಿಕೆಯಾಗುತ್ತಿದ್ದರೆ ನಾವು ಆ ಕಚೇರಿಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಇದಕ್ಕಿಂತ ಗಂಭೀರವಾದದ್ದು ಅವರು ಕೊಟ್ಟ ಇನ್ನೊಂದು ಸಲಹೆ: ಒಂದು ಇಡುಗಂಟು ತೆಗೆದುಕೊಂಡು, ಮುಂದೆ ಮಗನ ಪರವಾಗಿಯೂ ಏನನ್ನೂ ಕೇಳುವುದಿಲ್ಲವೆಂದು ಬರೆದುಕೊಟ್ಟರೆ ಎಲ್ಲವೂ ಬೇಗ ಮುಗಿಯುತ್ತದೆ ಎಂದು. ಮಗುವಿನ ಜೀವನಾಂಶ ಮಗುವಿನ ಹಕ್ಕು. ಅದನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಮಕ್ಕಳ ಸುಪರ್ದಿ, ಪೋಷಣೆ ಮತ್ತು ಶಿಕ್ಷಣದ ಆದೇಶಗಳನ್ನು ಡಿಕ್ರಿಯ ನಂತರವೂ ಬದಲಿಸುವ ಅಧಿಕಾರವನ್ನು ಅದೇ ಕಾಯ್ದೆಯ 26ನೆಯ ಕಲಂ ನ್ಯಾಯಾಲಯಕ್ಕೆ ಕೊಟ್ಟಿದೆ. ಹಣ ಪಡೆದು ಸಲಹೆ ಕೊಡುವವರಿಗೆ ಇಷ್ಟು ಗೊತ್ತಿರಬೇಕಿತ್ತು.

ನಮ್ಮನ್ನು ಪಾರು ಮಾಡಿದ್ದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ. ನ್ಯಾಯಾಲಯ ನಮ್ಮ ಪ್ರಕರಣವನ್ನು ಅಲ್ಲಿಗೆ ಕಳುಹಿಸಿತು. ಅದಕ್ಕಾಗಿ ನಾವು ಬೇರೆ ಹಣ ಕಟ್ಟಬೇಕಾಗಲಿಲ್ಲ. ಮಧ್ಯಸ್ಥಗಾರರು ಕರಡನ್ನು ಪಕ್ಕಕ್ಕಿಟ್ಟು ಒಂದೊಂದಾಗಿ ಕೇಳುತ್ತಾ ಹೋದರು: ದಸರಾ ರಜೆ ಯಾರ ಬಳಿ, ಜ್ವರ ಬಂದ ಶನಿವಾರದ ಭೇಟಿ ಯಾವಾಗ ತುಂಬಿಕೊಳ್ಳುವುದು, ಶಾಲೆಯ ಡೈರಿಯಲ್ಲಿ ಅಪ್ಪನ ಫೋನ್ ನಂಬರು ಇರಬೇಕೇ. ಈ ಕೊನೆಯ ಪ್ರಶ್ನೆಗೆ ಇಬ್ಬರೂ ಒಟ್ಟಿಗೆ “ಇರಬೇಕು” ಎಂದೆವು. ಆ ವರ್ಷ ನಾವಿಬ್ಬರೂ ಒಂದೇ ಉತ್ತರ ಕೊಟ್ಟ ಪ್ರಶ್ನೆ ಬಹುಶಃ ಅದೊಂದೇ. ಒಂದು ಸಾಲಿನ ಷರತ್ತು ಎರಡೂವರೆ ಪುಟವಾಯಿತು. ತಿಂಗಳ ಜೀವನಾಂಶ ವರ್ಷಕ್ಕಿಷ್ಟು ಎಂದು ಏರುವಂತೆಯೂ, ಶಾಲೆಯ ಫೀಸನ್ನು ತಂದೆ ನೇರವಾಗಿ ಶಾಲೆಗೇ ಕಟ್ಟುವಂತೆಯೂ ಬರೆಸಿಕೊಂಡೆವು.

ಪ್ಯಾಕೇಜಿನ ದರವೂ ಹೇಳಿದಷ್ಟಕ್ಕೆ ನಿಲ್ಲಲಿಲ್ಲ. ಪ್ರತಿ ತಾರೀಖಿಗೂ ‘ಹಾಜರಾತಿ ಶುಲ್ಕ’ವೆಂದು ಮೂರು ಬಾರಿ ಐದೈದು ಸಾವಿರ ಸೇರಿಕೊಂಡಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಡಿ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು ಎಂಬುದು ನನಗೆ ತಿಳಿದದ್ದು ಇಷ್ಟೆಲ್ಲ ಕಟ್ಟಿದ ಮೇಲೆ.

ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಡಿಕ್ರಿಯ ದೃಢೀಕೃತ ಪ್ರತಿಯನ್ನು ಕೇಳದೆಯೇ ಮನೆಗೆ ತಲುಪಿಸಿದ್ದಕ್ಕೆ ಇನ್ನರ್ಧ. ಅದರಲ್ಲಿ ಮಗ ಮಗನಾಗಿಯೇ ಇದ್ದಾನೆಯೇ ಎಂದು ಮೊದಲು ನೋಡಿಕೊಂಡೆ, ಇದ್ದ.