ಪಾಲಿಲೈನ್ ಓದೋದು: ಹಳೇದು, ಹೊಸದು, ಬರೀ ಪಾಯಿಂಟ್ ಪಟ್ಟಿ

ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಹಲವು ತುಂಡು ಸೇರಿ ಆದ ಒಂದು ಗೆರೆಗೆ ಪಾಲಿಲೈನ್ ಅಂತಾರೆ, ಅದರ ತುಂಡುಗಳ ತುದಿಗಳೇ ವರ್ಟೆಕ್ಸ್. ಅಂಥ ಪಾಲಿಲೈನಿನ ವರ್ಟೆಕ್ಸ್‌ಗಳನ್ನು ಓದಿ ಫೈಲಿಗೆ ಹಾಕುವ ಸಣ್ಣ ಪ್ರೋಗ್ರಾಂ ಬರೆದಿದ್ದೆ, ಆಟೋಕ್ಯಾಡಿನದೇ ಭಾಷೆಯಾದ ಆಟೋಲಿಸ್ಪಿನಲ್ಲಿ. ಒಳಗಿನ ಡೇಟಾದಲ್ಲಿ ಪ್ರತಿ ಮಾಹಿತಿಗೂ ಒಂದು ಕೋಡ್ ಸಂಖ್ಯೆ ಇರುತ್ತದೆ, ಪಾಯಿಂಟಿನದು 10. ಕೋಡ್ 10 ಇರುವ ಸಾಲುಗಳನ್ನೆಲ್ಲ ಆರಿಸಿಕೊಳ್ಳೋದು, ಅಷ್ಟೇ. ಒಂದು ಡ್ರಾಯಿಂಗಿನಲ್ಲಿ ಚೆನ್ನಾಗಿ ಓಡಿತು. ಇನ್ನೊಂದರಲ್ಲಿ ಸಿಕ್ಕಿದ್ದು ಒಂದೇ ಪಾಯಿಂಟ್, ಅದೂ 0,0,0. ಪರದೆ ಮೇಲೆ ನೋಡಿದರೆ ಎರಡೂ ಗೆರೆ ಒಂದೇ ಥರ!

ಎರಡನೆಯದು ಹಳೇ ಪಾಲಿಲೈನ್. ಅದರಲ್ಲಿ ಪ್ರತಿ ವರ್ಟೆಕ್ಸೂ ಒಂದು ಬೇರೆ ಎಂಟಿಟಿ, ಅಂದರೆ ಡ್ರಾಯಿಂಗಿನ ಡೇಟಾದಲ್ಲಿ ಬೇರೆಯೇ ವಸ್ತು. ಎಲ್ಲಕ್ಕೂ ಮೊದಲು ಬರುವ ತಲೆ ಎಂಟಿಟಿಯಲ್ಲಿರುವ ಕೋಡ್ 10 ಸುಮ್ನೆ ಹೆಸರಿಗೆ ಮಾತ್ರ. ನಿಜವಾದ ಪಾಯಿಂಟ್ ಬೇಕಿದ್ದರೆ ಕೊನೆಯ ಗುರುತಾದ ಸೀಕ್ವೆಂಡ್ ಬರುವ ತನಕ ಒಂದೊಂದಾಗಿ ಮುಂದೆ ಹೋಗಬೇಕು. ಸ್ಪ್ಲೈನ್ ಮಾಡಿದ (ನಯವಾಗಿ ಬಾಗಿಸಿದ) ಗೆರೆಯಾದರೆ ಆ ಬಾಗನ್ನು ನಿರ್ಧರಿಸುವ ಕಂಟ್ರೋಲ್ ಪಾಯಿಂಟ್‌ಗಳೂ ಸಾಲಲ್ಲೇ ನಿಂತಿರುತ್ತವೆ, ಯಾವ ಬಗೆಯ ಪಾಯಿಂಟ್ ಅಂತ ಹೇಳುವ ಫ್ಲ್ಯಾಗ್ ಸಂಖ್ಯೆ ನೋಡಿ ಅವನ್ನು ಬಿಡಬೇಕು. ವರ್ಟೆಕ್ಸ್ ಬದಲಿಸಿದ ಮೇಲೆ ತಲೆ ಎಂಟಿಟಿಯನ್ನು ಅಪ್‌ಡೇಟ್ ಮಾಡದಿದ್ದರೆ ಪರದೆ ಮೇಲೆ ಏನೂ ಆಗುವುದಿಲ್ಲ. ಇದಕ್ಕೆ ನನ್ನ ಅರ್ಧ ದಿನ ಹೋಯಿತು.

ಆಟೋಕ್ಯಾಡ್ ಆರ್14 ಆವೃತ್ತಿಯಲ್ಲಿ, 1997ರಲ್ಲಿ, ಬಂದ ಹೊಸ ಜಾತಿಯ ಎಲ್‌ಡಬ್ಲ್ಯೂಪಾಲಿಲೈನ್‌ನಲ್ಲಿ ಈ ತಾಪತ್ರಯ ಇಲ್ಲ. ಎಲ್ಲ ವರ್ಟೆಕ್ಸೂ ಒಂದೇ ಎಂಟಿಟಿಯೊಳಗೆ. ಆದರೆ ಎತ್ತರ ಇಡೀ ಗೆರೆಗೆ ಒಂದೇ, ಕೋಡ್ 38ರಲ್ಲಿ. ಪ್ರತಿ ವರ್ಟೆಕ್ಸಿಗೂ ಬೇರೆ ಎತ್ತರ (ಝಡ್) ಬೇಕು ಅಂದರೆ ಹಳೇ ಜಾತಿಯ 3ಡಿ ಪಾಲಿಲೈನೇ ಗತಿ. ಅದರಲ್ಲಿ ಆರ್ಕ್ (ವೃತ್ತದ ತುಂಡು) ಇರೋದಿಲ್ಲ.

ಮಜಾ ಇರೋದು ಆರ್ಕಿನಲ್ಲೇ. ಸೆಂಟರ್, ರೇಡಿಯಸ್ ಯಾವುದನ್ನೂ ಬರೆದಿಡುವುದಿಲ್ಲ. ವರ್ಟೆಕ್ಸಿನ ಜೊತೆ ಬಲ್ಜ್ ಅಂತ ಒಂದು ಸಂಖ್ಯೆ ಇರುತ್ತದೆ, ಕೋಡ್ 42. ಆರ್ಕಿನ ಕೋನದ ಕಾಲು ಭಾಗದ ಟ್ಯಾನ್ ಅದು. ನೇರ ಗೆರೆಗೆ 0, ಅರ್ಧ ವೃತ್ತಕ್ಕೆ 1, ಗಡಿಯಾರದ ದಿಕ್ಕಿನಲ್ಲಿ ತಿರುಗಿದರೆ ಮೈನಸ್. 90 ಡಿಗ್ರಿ ಆರ್ಕಿಗೆ 0.4142. ಎರಡು ತುದಿಗಳ ಅಂತರ 100 ಇದ್ದರೆ ರೇಡಿಯಸ್ 70.71 ಬರುತ್ತದೆ. ಎಷ್ಟು ಚೊಕ್ಕ ಅಲ್ವಾ?

ಇದಕ್ಕೆ ಹೋಲಿಸಿದರೆ ನನ್ನ ಮೂರನೇ ದಾರಿ ಒರಟು: ಬರೀ ಎಕ್ಸ್, ವೈ ಪಟ್ಟಿ. ಅದೇ ಆರ್ಕನ್ನು 8 ತುಂಡು ಮಾಡಿ ನೋಡಿದೆ. ಪ್ರತಿ ತುಂಡಿನ ನಡುವೆ ಗೆರೆ 0.34ರಷ್ಟು ಒಳಗೆ ಸರಿಯುತ್ತದೆ. ಪರದೆ ಮೇಲೆ ತೋರಿಸಲು ಸಾಕು, ಕತ್ತರಿಸುವ ಮಷಿನ್ನಿಗೆ ಕೊಡಲು ಸಾಲದು. ಲೆಕ್ಕ ಮಾತ್ರ ತುಂಬ ಸುಲಭ.

ಬಲ್ಜಿನಲ್ಲಿ ನಾನು ಬಿದ್ದ ಗುಂಡಿ ಬೇರೆ. ಗೆರೆಯನ್ನು ಹಿಂದುಮುಂದು ಮಾಡಬೇಕಿತ್ತು. ಪಾಯಿಂಟುಗಳನ್ನು ತಿರುಗಿಸಿದೆ, ಬಲ್ಜಿನ ಚಿಹ್ನೆಯನ್ನೂ ಬದಲಿಸಿದೆ. ಆದರೂ ಆರ್ಕುಗಳೆಲ್ಲ ಪಕ್ಕದ ಅಂಚಿಗೆ ಹೋಗಿ ಕೂತವು. ಬಲ್ಜ್ ಯಾವ ವರ್ಟೆಕ್ಸಿನಲ್ಲಿದೆಯೋ ಅಲ್ಲಿಂದ ಹೊರಡುವ ತುಂಡಿಗೆ ಸೇರಿದ್ದು. ದಿಕ್ಕು ಬದಲಾದರೆ ಹೊರಡುವ ವರ್ಟೆಕ್ಸೇ ಬದಲಾಗುತ್ತದೆ, ಹಾಗಾಗಿ ಬಲ್ಜನ್ನೂ ಒಂದು ಮನೆ ಸರಿಸಬೇಕು. ಆರ್ಕಿನ ನಡುವೆ ವರ್ಟೆಕ್ಸ್ ಸೇರಿಸುವಾಗಲೂ ಹೀಗೇ: 0.4142 ಅನ್ನು ಎರಡು ಕಡೆ ಅರ್ಧರ್ಧ ಹಂಚಿದರೆ ತಪ್ಪು, ಎರಡಕ್ಕೂ 0.1989 ಬೇಕು.

ಈಗ ಯಾವ ಜಾತಿ ಬಂದರೂ ಓದುವಾಗಲೇ ಎಕ್ಸ್, ವೈ, ಬಲ್ಜ್ ಪಟ್ಟಿಗೆ ಇಳಿಸಿಕೊಳ್ಳುತ್ತೇನೆ. 3ಡಿ ಬಂದರೆ ಮಾತ್ರ ಬೇರೆ ಫಂಕ್ಷನ್. ಬರೆಯುವುದು ಯಾವಾಗಲೂ ಎಲ್‌ಡಬ್ಲ್ಯೂಪಾಲಿಲೈನ್ ಆಗಿಯೇ. ಮುಚ್ಚಿದ ಗೆರೆಗೆ ಮೊದಲ ಪಾಯಿಂಟನ್ನು ಕೊನೆಗೆ ಮತ್ತೆ ಸೇರಿಸುವುದಿಲ್ಲ, ಕೋಡ್ 70ರಲ್ಲಿ 1 ಹಾಕುತ್ತೇನೆ.